ಹಳೇ ಬಜಾರಿನ ಅಗಸಿ ತೆರೆದ ವರ್ಷ

ಹೋದ ತಿಂಗಳು ನಾದಿನಿಯ ಮಗಳ ಮದುವೆಗೆ ಸೀರೆ ತೆಗೆಯಲೆಂದು ಮುನಿರಾಬಾದಿನಿಂದ ಗಂಗಾವತಿಗೆ ಹೋಗಿದ್ದೆ. ನಾದಿನಿಗೆ ಸರ್ಕಲ್ ಹತ್ತಿರದ ಏಸಿ ಅಂಗಡಿಗಳಿಗೆ ಹೋಗುವ ಆಸೆ. ನಾನು ಒಪ್ಪದೆ ಆಟೋದವನಿಗೆ ಹಳೇ ಬಜಾರಿಗೆ ನಡಿ ಎಂದೆ. ಅಲ್ಲಿ ಇಳಿಯುತ್ತಿದ್ದಂತೆ ಮೂಗಿಗೆ ಹಸಿ ಸುಣ್ಣದ ವಾಸನೆ ಬಡಿಯಿತು. ದೀಪಾವಳಿ ಹತ್ತಿರವಿತ್ತಲ್ಲ, ಇಬ್ಬರು ಏಣಿ ಹಾಕಿಕೊಂಡು ಕಲ್ಲಿನ ಕಟ್ಟಡವೊಂದರ ಗೋಡೆಗೆ ಸುಣ್ಣ ಬಳಿಯುತ್ತಿದ್ದರು. ಈಗ ಎಲ್ಲರೂ ಡಬ್ಬಿಯ ಬಣ್ಣ ಹಚ್ಚುವವರೇ. ಆದರೆ ಆ ಕಟ್ಟಡ ಹಳೆಯ ಗಚ್ಚಿನದು, ಅದಕ್ಕೆ ಸುಣ್ಣವೇ ಒಗ್ಗುತ್ತದೆ. ನಾನು ಅಲ್ಲೇ ನಿಂತುಬಿಟ್ಟೆ. "ಯಾಕ ವೈನಿ, ಏನಾತ್ರಿ?" ಎಂದು ನಾದಿನಿ ಕೇಳಿದಳು. ಏನೆಂದು ಹೇಳುವುದು? ನನ್ನ ಮದುವೆಗೆ ಮುಂಚಿನ ಒಂದು ಇಡೀ ವರ್ಷ ಆ ಗೋಡೆಗಳ ಒಳಗಿತ್ತು. ಸೀರೆ ಆಮೇಲೆ ತೆಗೆದರಾಯಿತೆಂದು ಅವಳನ್ನು ಚಹಾದಂಗಡಿಯ ಬೆಂಚಿನ ಮೇಲೆ ಕೂಡಿಸಿಕೊಂಡು ಹೇಳತೊಡಗಿದೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಆಗ ನಾನು ಮತ್ತು ನಸೀಮಾ ಸೇರಿ ಹಳೇ ಬಜಾರಿನಲ್ಲಿ ಹೆಂಗಸರ ಬಟ್ಟೆ ಹೊಲಿಯುವ ಅಂಗಡಿ ಇಟ್ಟಿದ್ದೆವು. ನಮ್ಮಪ್ಪ ಯಲಬುರ್ಗಾ ಕಡೆಯ ಹಳ್ಳಿಯಿಂದ ಇಲ್ಲಿನ ರೈಸ್‌ಮಿಲ್ಲಿಗೆ ಹಮಾಲಿ ಕೆಲಸಕ್ಕೆ ಬಂದವನು. ನಸೀಮಾಳ ಅಪ್ಪನದು ಸೈಕಲ್ ರಿಪೇರಿ ಅಂಗಡಿ. ಹೊಲಿಗೆ ಕ್ಲಾಸಿನಲ್ಲಿ ಇದ್ದುದರಲ್ಲೇ ಒಳ್ಳೆಯ ಮಷಿನ್ನಿಗಾಗಿ ದಿನಾ ಜಗಳವಾಡಿ, ಜಗಳ ಸಾಕಾಗಿ ಗೆಳತಿಯರಾದವರು ನಾವು. ಎರಡೂ ಮನೆಯವರನ್ನು ಒಪ್ಪಿಸಿ ಬಾಡಿಗೆ ಅಂಗಡಿ ಹಿಡಿದಾಗ ಬಜಾರಿನವರಿಗೆಲ್ಲ ಅದೊಂದು ತಮಾಷೆ. ಆ ಬಜಾರಿನಲ್ಲಿ ಹೆಂಗಸರ ಹೆಸರಿದ್ದ ಬೋರ್ಡು ನಮ್ಮದೊಂದೇ: ಗಿರಿಜಾ ನಸೀಮಾ ಲೇಡೀಸ್ ಟೇಲರ್ಸ್. ನನ್ನ ಹೆಸರಿನ ಅಕ್ಷರ ಸಣ್ಣವಾದವೋ ಅವಳ ಹೆಸರಿನವು ದೊಡ್ಡವಾದವೋ ಎಂದು ಪೇಂಟರನ ತಲೆ ತಿಂದಿದ್ದೆವು.

ಅಂಗಡಿಯ ಆಕಾರ ಮಾತ್ರ ವಿಚಿತ್ರ. ರಸ್ತೆ ಕಡೆಯ ಅರ್ಧಕ್ಕೆ ತಗಡಿನ ಸೂರು, ಬೇಸಿಗೆಯಲ್ಲಿ ಅಲ್ಲಿ ಕೂತರೆ ತಲೆ ಕಾಯ್ದ ಹಂಚು. ಹಿಂದಿನ ಅರ್ಧ ಕಲ್ಲಿನ ಕಟ್ಟಡ, ಸೂರು ಎಷ್ಟು ಎತ್ತರವೆಂದರೆ ಜೇಡರ ಬಲೆ ತೆಗೆಯಲು ಏಣಿ ಸಾಲುತ್ತಿರಲಿಲ್ಲ. ಗಂಗಾವತಿಯ ಬಿಸಿಲಿನಲ್ಲೂ ಅಲ್ಲಿ ತಂಪು. ಎರಡೂ ಮಷಿನ್ನುಗಳನ್ನು ನಾವು ಅಲ್ಲಿಯೇ ಇಟ್ಟಿದ್ದೆವು.

ಹಳೇ ಬಜಾರ್ ಆ ಹೊತ್ತಿಗೇ ಸೊರಗಿತ್ತು. ಊರಿನ ದೊಡ್ಡ ವ್ಯಾಪಾರವೆಲ್ಲ ರೈಸ್‌ಮಿಲ್ಲುಗಳ ಕಡೆಗೆ, ಹೊರಗಿನ ದೊಡ್ಡ ರಸ್ತೆಗಳಿಗೆ ಸರಿದುಹೋಗಿತ್ತು. ಶ್ರೀರಾಮನಗರದ ಕಡೆ ಆಂಧ್ರದಿಂದ ಬಂದು ನೆಲೆಸಿದ ಕ್ಯಾಂಪುಗಳ ಭತ್ತದ ರೈತರು ಟ್ರ್ಯಾಕ್ಟರ್, ಗೊಬ್ಬರ, ಟಿವಿ ಎಲ್ಲ ಅಲ್ಲೇ ಕೊಂಡು ಅಲ್ಲಿಂದಲೇ ತಿರುಗಿ ಹೋಗುತ್ತಿದ್ದರು. ನಮ್ಮಲ್ಲಿ ಉಳಿದಿದ್ದು ಬಳೆ, ಬಟ್ಟೆ, ಪಾತ್ರೆ, ಹಗ್ಗ ಕಣ್ಣಿ, ಪೂಜೆ ಸಾಮಾನು. ಆದರೂ ಸಂತೆಯ ದಿನ, ಹಬ್ಬದ ಮುಂದೆ, ಕುಷ್ಟಗಿ ಕಡೆಯಿಂದಲೂ ಹೆಂಗಸರು ಬರುತ್ತಿದ್ದರು. ಇಲ್ಲಿನವರು ಕುಂದರಿಸಿ ತೋರಿಸುತ್ತಾರೆ ಎನ್ನುವ ಹೆಸರಿತ್ತು.

ಆ ವರ್ಷ ಮುಂಗಾರಿನ ಹೊಸ್ತಿಲಲ್ಲಿ ನಗರಸಭೆಯವರು ಟೇಪು ಹಿಡಿದು ಬಂದರು. ರಸ್ತೆ ಅಗಲ ಮಾಡುವುದು ಖಾಯಂ ಆಗಿತ್ತು. ತಲೆಮಾರುಗಳಿಂದ ಅಂಗಡಿಯವರು ಮುಂದೆ ಮುಂದೆ ಕಟ್ಟಿಕೊಂಡು ಬಂದ ಪಡಸಾಲೆ, ತಗಡು, ಮೆಟ್ಟಿಲು ಎಲ್ಲ ಹೋಗಬೇಕು. ಎಲ್ಲಿಯವರೆಗೆ ಕೆಡವುತ್ತಾರೋ ಅಲ್ಲಿ ಕೆಂಪು ಬಣ್ಣದ ಗೆರೆ ಎಳೆದರು. ನಮ್ಮ ಅಂಗಡಿಯಲ್ಲಿ ಆ ಗೆರೆ ತಗಡು ಮುಗಿದು ಕಲ್ಲು ಶುರುವಾಗುವ ಕಡೆ ಬಂತು. ನಮ್ಮ ಎಡಬಲದವರ ಪಾಡು ಇನ್ನೂ ಕಷ್ಟ. ಕೆಲವರಿಗೆ ಶಟರ್ ಇಳಿಸಿದರೆ ಒಳಗೆ ಒಬ್ಬರು ನಿಲ್ಲುವಷ್ಟು ಜಾಗವೂ ಉಳಿಯುತ್ತಿರಲಿಲ್ಲ. ಕೆಲವರು ದೊಡ್ಡವರ ಮನೆಗೆ ಓಡಾಡಿದರು. ಕೆಲವರು ಬೇರೆ ಕಡೆ ಅಂಗಡಿ ಹುಡುಕಿದರು. ದೊಡ್ಡ ರಸ್ತೆಯ ಬಾಡಿಗೆ ಕೇಳಿ ನಾವಿಬ್ಬರೂ ಸುಮ್ಮನೆ ವಾಪಸ್ಸು ಬಂದೆವು.

ನಸೀಮಾಗೆ ಒಂದು ವಿಚಾರ ಹೊಳೆಯಿತು. ಮುಂದೆ ಹೋಗುವ ಜಾಗವನ್ನು ಹಿಂದೆ ತೆಗೆದುಕೊಂಡರೆ ಹೇಗೆ? ನಮ್ಮ ಹಿಂದಿನ ಗೋಡೆಯ ಆಚೆ ಏನಿದೆಯೋ ನಮಗೆ ಗೊತ್ತಿರಲಿಲ್ಲ. ರಸ್ತೆಯ ಆಚೆ ಬದಿಯಿಂದ ನೋಡಿದರೆ ಸೂರಿನ ಮೇಲೆ ಬೇವಿನ ಮರಗಳ ತಲೆ ಕಾಣುತ್ತಿತ್ತು. ಯಾರದೋ ಹಿತ್ತಲಿರಬೇಕು ಎಂದುಕೊಂಡಿದ್ದೆವು. ನಮ್ಮ ಓಣಿಯ ಗೌಂಡಿ ಹನುಮಂತಪ್ಪನನ್ನು ಕರೆದು ತಂದೆವು. ಅವನು ಗೋಡೆಯನ್ನು ಬಡಿದು ನೋಡಿದ. ಎಡಕ್ಕೂ ಬಲಕ್ಕೂ ಕಲ್ಲಿನ ಗೋಡೆ, ಹಿಂದಿನದೊಂದು ಮಾತ್ರ ಇಟ್ಟಿಗೆಯದು, ಅದೂ ಆಮೇಲೆ ಕಟ್ಟಿದ್ದು ಎಂದ. ಒಂದು ಕಿಂಡಿ ತೆಗಿ, ನೋಡೋಣ ಎಂದೆವು.

ಹೊರಗೆ ಜಿಟಿಜಿಟಿ ಮಳೆ. ಗಿರಾಕಿಗಳಿರಲಿಲ್ಲ. ಹನುಮಂತಪ್ಪ ಉಳಿ ಇಟ್ಟು ಒಂದೊಂದೇ ಇಟ್ಟಿಗೆ ಸಡಿಲಿಸಿದ. ಮೂರ್ನಾಲ್ಕು ಇಟ್ಟಿಗೆ ಆಚೆ ಬಿದ್ದವೋ ಇಲ್ಲವೋ, ಒಳಗಿನಿಂದ ತಣ್ಣನೆಯ ಗಾಳಿ ಭರ್ರೆಂದು ನುಗ್ಗಿ ಮೇಜಿನ ಮೇಲಿದ್ದ ಕತ್ತರಿಸಿದ ಬ್ಲೌಸ್ ತುಂಡುಗಳನ್ನೆಲ್ಲ ಹಾರಿಸಿತು. ನಾನು ಅವುಗಳ ಹಿಂದೆ ಓಡಿದೆ. ನಸೀಮಾ ಸ್ಟೂಲು ಹತ್ತಿ ಕಿಂಡಿಯಲ್ಲಿ ಮುಖವಿಟ್ಟಳು. ಮೆಲ್ಲಗೆ, "ಗಿರಿಜಾ, ಒಳಗ ಒಂದ ಊರ ಐತಿ," ಎಂದಳು.

ಒಬ್ಬರು ತೂರುವಷ್ಟು ಕಿಂಡಿ ದೊಡ್ಡದು ಮಾಡಿಸಿ ನಾವಿಬ್ಬರೂ ಇಳಿದೆವು. ನಡುವೆ ದೊಡ್ಡ ಬಯಲು, ಜಾಲಿ ಕಂಟಿ ತುಂಬಿತ್ತು. ಬೇವಿನ ಮರಗಳು, ಅವುಗಳ ಕೆಳಗೆ ಎತ್ತುಗಳಿಗೆ ನೀರುಣಿಸುವ ಕಲ್ಲಿನ ಬಾನಿ. ಸುತ್ತಲೂ ಕಲ್ಲಿನ ಕಂಬಗಳ ಪಡಸಾಲೆ, ಕಂಬಗಳಿಗೆ ಕಬ್ಬಿಣದ ಬಳೆಗಳು, ಎತ್ತು ಕಟ್ಟಲು. ಒಂದು ಮೂಲೆಯಲ್ಲಿ ಕಸ ತುಂಬಿದ ಬಾವಿ. ನಾವು ಒಳಗೆ ಕಾಲಿಡುತ್ತಲೇ ಪಾರಿವಾಳಗಳ ಹಿಂಡು ಒಮ್ಮೆಲೇ ಎದ್ದಿತು. ಹೊರಗೆ ಆಟೋ ಹಾರ್ನು, ತರಕಾರಿಯವರ ಕೂಗು ಕೇಳುತ್ತಿದೆ, ಒಳಗೆ ಇದು. ಇಷ್ಟು ವರ್ಷ ನಾವು ಇದಕ್ಕೆ ಬೆನ್ನು ಹಾಕಿ ಗುಂಡಿ ಹಚ್ಚುತ್ತಾ ಕೂತಿದ್ದೆವು. ನಾವು ಮಳೆಯಲ್ಲೇ ಕಂಬದಿಂದ ಕಂಬಕ್ಕೆ ಸಣ್ಣ ಹುಡುಗಿಯರಂತೆ ಓಡಿದೆವು. ನನ್ನ ಸೀರೆ ಮುಳ್ಳಿಗೆ ಸಿಕ್ಕಿ ಹರಿಯಿತು. ಅದರ ಖಬರೇ ಇರಲಿಲ್ಲ.

ಮೊದಲು ಹೇಳಿದ್ದು ಇಮಾಮಸಾಬ ಚಾಚಾನಿಗೆ. ಬಳೆ ಅಂಗಡಿಯ ಚಾಚಾ ನಮ್ಮ ಬಜಾರಿನಲ್ಲಿ ಎಲ್ಲರಿಗಿಂತ ಹಿರಿಯರು. ಬೆನ್ನು ಬಾಗಿತ್ತು. ನಸೀಮಾಳ ಕೈ ಹಿಡಿದು ಕಿಂಡಿ ದಾಟಿದವರೇ ಒಂದೊಂದೇ ಕಂಬ ಮುಟ್ಟುತ್ತಾ ನಡೆದು, ಒಂದರ ಬುಡದಲ್ಲಿ ಕೂತುಬಿಟ್ಟರು. "ನಮ್ಮಪ್ಪನ ಗಾಜಿನ ಬಳಿ ಟ್ರಂಕು ಇಲ್ಲೇ ಇರ್ತಿತ್ತವಾ. ನಾ ಅದರ ಮ್ಯಾಲ ಮಲಗತಿದ್ದೆ," ಎಂದರು.

ಚಾಚಾ ಹೇಳಿದ ಮೇಲೆಯೇ ನಾವು ಕೂತಿದ್ದ ಬಜಾರಿನ ಹುಟ್ಟು ನಮಗೆ ತಿಳಿದದ್ದು. ನಿಜಾಮರ ಆಳ್ವಿಕೆಯಲ್ಲಿ ಇದೇ ಊರಿನ ಗಂಜ್, ದವಸದ ಮಾರುಕಟ್ಟೆ. ಕುಷ್ಟಗಿ, ಯಲಬುರ್ಗಾ ಕಡೆಯಿಂದ ಶೇಂಗಾ, ಹತ್ತಿ, ಜೋಳ ಹೇರಿಕೊಂಡು ಬಂಡಿಗಳು ಸಾಲುಗಟ್ಟಿ ಬರುತ್ತಿದ್ದವು. ಒಳಗೆ ತೂಕ, ಮಾರಾಟ. ಮಾರಿದವರು ಅದೇ ಪಡಸಾಲೆಯಲ್ಲಿ ಬಟ್ಟೆ, ಬಳೆ, ಬೆಲ್ಲ ಕೊಂಡು ಮರುದಿನ ಬಂಡಿ ಹೂಡುತ್ತಿದ್ದರು. ರಸ್ತೆ ಮೇಲೆ ಆಗ ಒಂದು ಅಂಗಡಿಯೂ ಇರಲಿಲ್ಲವಂತೆ. ನದಿಗೆ ಅಣೆಕಟ್ಟು ಆಗಿ ಕಾಲುವೆ ನೀರು ಹರಿದ ಮೇಲೆ ಜೋಳ ಹೋಗಿ ಭತ್ತ ಬಂತು, ಬಂಡಿ ಹೋಗಿ ಲಾರಿ ಬಂತು. ಲಾರಿ ಒಳಗೆ ಹೊಕ್ಕಲಾರದು. ಗಂಜ್ ಮುಚ್ಚಿತು, ಜನ ರಸ್ತೆಗೆ ಮುಖ ಮಾಡಿ ಅಂಗಡಿ ಕಟ್ಟಿಕೊಂಡರು. ಈಗ ರಸ್ತೆಯೂ ನಮ್ಮನ್ನು ದೂಡುತ್ತಿತ್ತು.

ಜಾಗ ಶಾಂತಮ್ಮನವರದು. ಆ ಸಾಲಿನ ಅಂಗಡಿಗಳೂ ಅವರವೇ, ನಾವೆಲ್ಲ ಅವರ ಬಾಡಿಗೆದಾರರು. ಅವರ ಮನೆ ಗಂಜಿನ ಇನ್ನೊಂದು ಬದಿಗೆ, ಹಿಂದಿನ ಓಣಿಗೆ ಮುಖ ಮಾಡಿತ್ತು. ಗಂಡ ಶೆಟ್ಟರು ತೀರಿಕೊಂಡು ಬಹಳ ವರ್ಷವಾಗಿತ್ತು. ಮಗ ವೀರಣ್ಣ ಕಾರಟಗಿಯಲ್ಲಿ ರೈಸ್‌ಮಿಲ್ ನಡೆಸುತ್ತಾ ವಾರಕ್ಕೊಮ್ಮೆ ಬಂದು ಹೋಗುತ್ತಿದ್ದ. ಶಾಂತಮ್ಮ ತೆಳ್ಳಗೆ, ನೆಟ್ಟಗೆ, ಮಾತು ಕಡಕ್. ಸಂಜೆ ಇಬ್ಬರೂ ಅವರ ಮುಂದೆ ನಿಂತು ನಡೆದದ್ದು ಹೇಳಿದೆವು. ಅವರು ತಲೆಯೆತ್ತಿ, "ಬಾಡಿಗಿ ಅಂಗಡಿ ಗ್ವಾಡಿ ಒಡೀರಿ ಅಂತ ನಿಮಗ ಯಾರ ಹೇಳಿದ್ರು?" ಎಂದರು.

ನಸೀಮಾ ಹೇಗೋ ಧೈರ್ಯ ಮಾಡಿ, ಒಡೆದದ್ದು ತಪ್ಪೇ, ಕಟ್ಟಿಸಿಕೊಡುತ್ತೇವೆ, ಆದರೆ ಕಟ್ಟುವ ಮುಂಚೆ ನೀವೊಮ್ಮೆ ನೋಡಬೇಕು ಎಂದಳು. ಶಾಂತಮ್ಮ ಎದ್ದು ಒಳಗೆ ಹೋಗಿ ದೊಡ್ಡ ಬೀಗದ ಕೈ ತಂದರು. ಅಡುಗೆಮನೆಯ ಹಿಂದೆ, ಕಟ್ಟಿಗೆ ಒಟ್ಟಿದ ಕೋಣೆಯಲ್ಲಿ ಒಂದು ಬಾಗಿಲಿತ್ತು. ಬೀಗ ತುಕ್ಕು ಹಿಡಿದು ಕೊಬ್ಬರಿ ಎಣ್ಣೆ ಬಿಟ್ಟರೂ ತಿರುಗಲೊಲ್ಲದು. ಕೊನೆಗೆ ಕಲ್ಲಿನಿಂದ ಜಜ್ಜಿ ಮೂವರೂ ಹೆಗಲು ಕೊಟ್ಟು ದೂಡಿದೆವು.

ಅವರು ಹೊಸ್ತಿಲ ಮೇಲೆ ನಿಂತು ನೋಡಿದರು. ಮದುವೆಯಾಗಿ ಬಂದ ಹೊಸದರಲ್ಲಿ ಮೇಲಿನ ಕಿಟಕಿಯ ಜಾಲಂದರದಿಂದ ಇದನ್ನೆಲ್ಲ ನೋಡುತ್ತಿದ್ದೆ ಎಂದು ಹೇಳತೊಡಗಿದರು. ಬೆಳಗಿನ ಜಾವ ಬಂಡಿಗಳ ಸದ್ದು ಕೇಳುತ್ತಲೇ ಇಂದು ಎಷ್ಟು ಮಾಲು ಬಂತು ಎಂದು ಅಂದಾಜು ಹಾಕುತ್ತಿದ್ದರಂತೆ. ಗಂಜ್ ಮುಚ್ಚಿದ ಮೇಲೆ ಆ ಕಿಟಕಿಗೆ ಹಲಗೆ ಹೊಡೆಸಿದ್ದರು. ಖಾಲಿ ಬಯಲನ್ನು ನೋಡಲಾಗಲಿಲ್ಲ ಎಂದರು. ಅವರು ಬಯಲಿಗೆ ಇಳಿಯಲಿಲ್ಲ. ಆದರೆ ಮರುದಿನ ಬಜಾರಿನವರನ್ನೆಲ್ಲ ಬೇವಿನ ಮರದ ಕೆಳಗೆ ಬರಹೇಳಿದರು.

ಸುದ್ದಿ ಕಾರಟಗಿಗೂ ಮುಟ್ಟಿತ್ತು. ಎಲ್ಲರಿಗಿಂತ ಮೊದಲು ವೀರಣ್ಣನ ಗಾಡಿ ಬಂದು ನಿಂತಿತು. ಅವನು ಕೆಟ್ಟವನಲ್ಲ, ಅವಸರದ ಮನುಷ್ಯ. ರಸ್ತೆ ಆದ ಮೇಲೆ ಅಂಗಡಿಸಾಲು, ಹಿಂದಿನ ಬಯಲು ಎಲ್ಲ ಸೇರಿಸಿ ಕಾಂಪ್ಲೆಕ್ಸ್ ಕಟ್ಟುವವರಿಗೆ ಕೊಡುವುದೆಂದು ಮಾತಾಗಿತ್ತು. "ಅವ್ವಾ, ನಾ ಮಾತ ಕೊಟ್ಟೇನಿ," ಎಂದ. ಶಾಂತಮ್ಮ ಜೋರು ದನಿ ಮಾಡಲಿಲ್ಲ. "ಮಾತ ನಿಂದು, ಜಾಗಾ ನಂದು," ಎಂದರು. ಅವನು ಕಲ್ಲಿನ ಬಾನಿಯ ಮೇಲೆ ಕುಳಿತು ನೆಲ ನೋಡಿದ.

ನಾವು ಕೇಳಿದ್ದು ಇಷ್ಟೇ: ಪಡಸಾಲೆಯಲ್ಲಿ ಅಂಗಡಿ ಇಡಲು ಬಿಡಿ, ಸ್ವಚ್ಛ ಮಾಡುವ ಕೆಲಸ ನಮ್ಮದು, ಬಾಡಿಗೆ ಎಂದಿನಂತೆ. ಹೊಸ್ತಿಲ ಮೇಲೆ ಕೂತಿದ್ದ ಶಾಂತಮ್ಮ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು. "ಗಿರಾಕಿ ಒಳಗ ಹೆಂಗ ಬರ್ತಾರ? ನನ್ನ ಅಡಗಿಮನ್ಯಾಗ ಹಾಯ್ದೇನು?"

ನಾನು ಚಾಚಾನ ಕಡೆ ನೋಡಿದೆ. ಅವರು ನನ್ನನ್ನು ನೋಡುತ್ತಿರಲಿಲ್ಲ, ನಮ್ಮ ಅಂಗಡಿಯ ಹಿಂದಿನ ಗೋಡೆಯನ್ನು ನೋಡುತ್ತಿದ್ದರು. ಶಾಂತಮ್ಮನೂ ಅದನ್ನೇ ನೋಡುತ್ತಿದ್ದರು. ನನಗೆ ಆಗ ತಿಳಿಯಿತು. ಆ ಎತ್ತರದ ಸೂರು, ಇಟ್ಟಿಗೆಯ ಒಂಟಿ ಗೋಡೆ. ನಾವು ಮೂರು ವರ್ಷದಿಂದ ಹೊಲಿಗೆ ಹಾಕುತ್ತಿದ್ದುದು ಗಂಜಿನ ಅಗಸಿಯಲ್ಲಿ. ನಮ್ಮ ಕಡೆ ಊರ ಹೆಬ್ಬಾಗಿಲಿಗೆ ಅಗಸಿ ಎನ್ನುತ್ತಾರೆ. ಬಂಡಿಗಳೆಲ್ಲ ಹಾಯ್ದು ಬರುತ್ತಿದ್ದ ಆ ಬಾಗಿಲನ್ನು ಶೆಟ್ಟರು ಹಿಂದೆ ಗೋಡೆ ಹಾಕಿ, ಮುಂದೆ ಓಡಾಡುವಷ್ಟು ಬಿಟ್ಟು ಮುಚ್ಚಿ ಅಂಗಡಿ ಮಾಡಿದ್ದರು.

ಶಾಂತಮ್ಮ ನಮ್ಮಿಬ್ಬರ ಕಡೆ ತಿರುಗಿ, "ಯಾರೂ ಒತ್ತಾಯ ಮಾಡಂಗಿಲ್ಲ. ಈ ಹುಡುಗ್ಯಾರು ಅಂಗಡಿ ಬಿಡಾಕ ಒಪ್ಪಿದ್ರ ಅಷ್ಟ," ಎಂದರು.

ನಾವು ಹೋಗಿ ಅಂಗಡಿಯಲ್ಲಿ ಕೂತೆವು. ನನಗೆ ಸಿಟ್ಟು ಬಂದಿತ್ತು, ಯಾರ ಮೇಲೆ ಎಂದು ಗೊತ್ತಾಗುತ್ತಿರಲಿಲ್ಲ. ಎಲ್ಲರ ಅಂಗಡಿಯ ಮುಂಭಾಗ ಹೋದರೂ ಒಂದಿಷ್ಟು ಉಳಿಯುತ್ತದೆ. ಎಲ್ಲರಿಗಿಂತ ಹೆಚ್ಚು ಉಳಿಯುವುದು ನಮಗೇ. ಎರಡು ಮಷಿನ್ ಇಟ್ಟುಕೊಂಡು ರಸ್ತೆ ಮೇಲೆ, ನಮ್ಮ ಹೆಸರಿನ ಬೋರ್ಡಿನ ಕೆಳಗೆ ಆರಾಮಾಗಿ ಬದುಕಬಹುದಿತ್ತು. ಆ ಬೋರ್ಡಿಗಾಗಿ ನಾನು ಅಪ್ಪನ ಜೊತೆ ಎಷ್ಟು ದಿನ ಮಾತು ಬಿಟ್ಟಿದ್ದೆ. ಇದನ್ನೆಲ್ಲ ನಾನು ನಸೀಮಾಗೆ ಹೇಳಿದೆ. ಅವಳು ಮಷಿನ್ನಿನ ಚಕ್ರ ಸುಮ್ಮನೆ ತಿರುವುತ್ತಾ ಕೇಳಿಸಿಕೊಂಡಳು.

"ರೋಡ್ ಮ್ಯಾಲ ನಾವಿಬ್ರ ಉಳಿತೀವಿ. ಉಳಿದ ಮಂದಿ ಹೋದಮ್ಯಾಲ ಇಲ್ಲಿಗೆ ಗಿರಾಕಿ ಯಾಕ ಬರ್ತಾರ ಹೇಳು?" ಎಂದಳು. ಸ್ವಲ್ಪ ತಡೆದು, "ನನಗಂತೂ ಆ ಬಯಲ ನೋಡಿದಾಗಿಂದ ಈ ಅಂಗಡ್ಯಾಗ ಉಸರ ಸಾಲವಲ್ದು," ಎಂದಳು.

ನಿಜ ಹೇಳಬೇಕೆಂದರೆ ನನಗೂ ಹಾಗೆಯೇ ಆಗಿತ್ತು. ಕಿಂಡಿಯಿಂದ ಬೇವಿನ ಗಾಳಿ ಬರುತ್ತಲೇ ಇತ್ತು. ಎದ್ದು ಹೋಗಿ ಎಲ್ಲರ ಮುಂದೆ ಒಪ್ಪಿಗೆ ಹೇಳಿದೆ. ಆದರೆ ಒಂದು ಕರಾರು ಹಾಕಿದೆ: ಒಳಗೆ ಎಲ್ಲರಿಗಿಂತ ಮೊದಲು ಜಾಗ ಆರಿಸುವವರು ನಾವು. ಹಗ್ಗದಂಗಡಿಯವರು ಏನೋ ಗೊಣಗಿದರು. ಶಾಂತಮ್ಮ ಅವರ ಕಡೆ ನೋಡಿದ್ದೇ ಸಾಕಾಯಿತು. ಮರದ ಪಕ್ಕ, ಎರಡು ಕಡೆ ಬೆಳಕು ಬರುವ ಮೂಲೆ ನಮ್ಮದಾಯಿತು.

ಆಮೇಲಿನ ದಿನಗಳನ್ನು ಹೇಗೆ ಹೇಳಲಿ? ಅಷ್ಟು ದುಡಿದದ್ದೂ ಅಷ್ಟು ನಕ್ಕದ್ದೂ ನನ್ನ ಜೀವಮಾನದಲ್ಲಿ ಮತ್ತೊಮ್ಮೆ ಇಲ್ಲ. ಮಧ್ಯಾಹ್ನದವರೆಗೆ ಅಂಗಡಿ, ಆಮೇಲೆ ಎಲ್ಲರೂ ಸೆರಗು, ಲುಂಗಿ ಕಟ್ಟಿ ಬಯಲಿಗೆ. ಜಾಲಿ ಕಡಿದೆವು, ಕಲ್ಲು ಹೊತ್ತೆವು, ನಮ್ಮ ಹಿಂದಿನ ಇಟ್ಟಿಗೆ ಗೋಡೆ ಕೆಡವಿದೆವು. ಪಾತ್ರೆ ಅಂಗಡಿಯವರು ಬುಟ್ಟಿ ಕೊಟ್ಟರು, ಹಗ್ಗದವರು ಹಗ್ಗ ಕೊಟ್ಟರು. ರಂಜಾನ್ ಉಪವಾಸವಿದ್ದವರು ನೆರಳಿನಲ್ಲಿ ಕೂತು ಇಟ್ಟಿಗೆ ಕೆತ್ತಿದರು. ಸಂಜೆ ಉಪವಾಸ ಬಿಡುವ ಹೊತ್ತಿಗೆ ನಮ್ಮವ್ವ ಮಿರ್ಚಿ ಭಜಿ ಮಾಡಿ ಕಳಿಸಿದರೆ, ನಸೀಮಾಳ ಮನೆಯಿಂದ ಶರಬತ್ತಿನ ಕೊಡ ಬರುತ್ತಿತ್ತು. ಮೊದಲು ತಮಾಷೆ ನೋಡಿದವರೇ ಈಗ ಮಳೆ ನಿಂತಿತೋ ಇಲ್ಲವೋ ಎಂದು ಆಕಾಶ ನೋಡುತ್ತಾ ಬರುತ್ತಿದ್ದರು. ವೀರಣ್ಣ ಮಾತ್ರ ವಾರಕ್ಕೊಮ್ಮೆ ಬಂದು, ಪಡಸಾಲೆಯಲ್ಲಿ ನಿಂತು ನೋಡಿ ಹೋಗುತ್ತಿದ್ದ.

ರಸ್ತೆ ಕೆಡವುವವರು ನಮ್ಮ ಸಾಲಿಗೆ ಬಂದ ದಿನ ಬೆಳಿಗ್ಗೆಯೇ ನಾವು ಮಷಿನ್ನುಗಳನ್ನು ಒಳಗೆ ಸಾಗಿಸಿದ್ದೆವು. ಜೆಸಿಬಿ ನಮ್ಮ ತಗಡನ್ನು ಒಂದೇ ಸಲಕ್ಕೆ ಕಿತ್ತು ಹಾಕಿತು. ಬೋರ್ಡನ್ನು ಮುಂಚೆಯೇ ಇಳಿಸಿಕೊಂಡಿದ್ದೆವು. ತಗಡಿನ ಹಿಂದೆ ನಮ್ಮ ಬಟ್ಟೆಯ ಕಪಾಟು ಹೊಡೆದಿದ್ದ ಪ್ಲೈವುಡ್ಡು, ಅದರ ಹಿಂದೆ ಸುಣ್ಣದ ಗಿಲಾವು. ಜೆಸಿಬಿ ಮುಟ್ಟಿಸಬೇಡಿ, ಇನ್ನು ಮುಂದಿನದು ಕೈಯಿಂದಲೇ ಎಂದು ಹನುಮಂತಪ್ಪ ಅಡ್ಡ ನಿಂತ. ಅವನು ಉಳಿಯಿಂದ ಗಿಲಾವು ಕೆರೆಯುತ್ತಾ ಹೋದಂತೆ ಕಲ್ಲಿನ ಕಮಾನು ಒಂದು ಬದಿಯಿಂದ ಬಾಗುತ್ತಾ ಮೇಲೇರಿತು. ರಸ್ತೆಯಲ್ಲಿ ಸೈಕಲ್ಲು, ಗಾಡಿ, ಶಾಲೆಯ ಹುಡುಗರು, ತರಕಾರಿಯವರು ಎಲ್ಲರೂ ನಿಂತರು. ಕಮಾನಿನ ನೆತ್ತಿಯ ಕಲ್ಲನ್ನು ಒರೆಸಿದಾಗ ಅದರ ಮೇಲೆ ಒಂದು ತಕ್ಕಡಿ ಕೆತ್ತಿದ್ದು ಕಂಡಿತು. ಎರಡು ತಟ್ಟೆ ಸಮವಾಗಿ ನಿಂತಿದ್ದವು. ಜನರಲ್ಲಿ ಗುಜುಗುಜು ಎದ್ದಿತು. ನಸೀಮಾ ನನ್ನ ಕೈಯನ್ನು ನೋಯುವಷ್ಟು ಹಿಡಿದಿದ್ದಳು. ಗಿಲಾವಿನ ಧೂಳು ಬಿದ್ದು ಅವಳ ಬುರ್ಕಾ ಬೆಳ್ಳಗಾಗಿತ್ತು.

ಎಲ್ಲ ಮುಗಿಯಿತು ಎಂದುಕೊಂಡಾಗಲೇ ಪೆಟ್ಟು ಬಿತ್ತು. ಭಾದ್ರಪದದಲ್ಲಿ ಎರಡು ದಿನ ಬಿಡದೆ ಮಳೆ ಹೊಡೆಯಿತು. ಮೂರನೆಯ ದಿನ ಬೆಳಿಗ್ಗೆ ಬಂದು ನೋಡಿದರೆ ಬಯಲು ಕೆರೆಯಾಗಿತ್ತು. ನೀರು ಪಡಸಾಲೆಯ ಮೆಟ್ಟಿಲು ಏರಿ ಕಂಬಗಳ ಬುಡ ಮುಟ್ಟುತ್ತಿತ್ತು. ಹರಿದುಹೋಗಲು ದಾರಿಯಿಲ್ಲ. ಇನ್ನೂ ಮೋಡ ಕವಿದೇ ಇತ್ತು. ಚಾಚಾ ತಮ್ಮ ಕಂಬದ ಮುಂದಿನ ಮೆಟ್ಟಿಲ ಮೇಲೆ ಮೊಣಕಾಲಿನವರೆಗೆ ನೀರಿನಲ್ಲಿ ನಿಂತಿದ್ದರು. ಹಬ್ಬಕ್ಕೆ ತರಿಸಿದ ಹೊಸ ಮಾಲಿನ ಪೆಟ್ಟಿಗೆಗಳನ್ನು ಜನ ತಲೆಮೇಲೆ ಹೊತ್ತು ಹೊರಗೆ ಓಡುತ್ತಿದ್ದರು. ಅವತ್ತೇ ವೀರಣ್ಣನೂ ಬಂದ. ನಾ ಮೊದಲೇ ಹೇಳಿದ್ದೆ ಎನ್ನುತ್ತಾನೆಂದು ನಾನು ಕಾದೆ. ಅವನು ನೀರು ಎಲ್ಲಿಯವರೆಗೆ ಏರಿದೆ ಎಂದು ನೋಡುತ್ತಿದ್ದ.

ಮೇಲಿನಿಂದ ಧಡಧಡ ಸದ್ದು ಕೇಳಿತು. ಶಾಂತಮ್ಮ ಒನಕೆಯಿಂದ ಒಳಗಿನಿಂದಲೇ ಬಡಿದು ಕಿಟಕಿಯ ಹಲಗೆ ಕಿತ್ತು ಹಾಕುತ್ತಿದ್ದರು. ಒಂದು ಹಲಗೆ ನೀರಿಗೆ ಬಿತ್ತು. ಜಾಲಂದರದ ಹಿಂದೆ ಅವರ ಮುಖ ಕಾಣಿಸಿತು. "ವೀರಣ್ಣಾ, ಬಾವಿ ಎಡಕ್ಕ ಅಗಿ. ಮಳಿ ಬಂದಾಗ ಅಲ್ಲಿಂದ ಗುಳುಗುಳು ಸಪ್ಪಳ ಬರ್ತಿತ್ತು. ನೀರ ಅಲ್ಲೇ ಇಳೀತಿತ್ತು," ಎಂದು ಕೂಗಿ ಹೇಳಿದರು.

ವೀರಣ್ಣ ಒಂದು ಕ್ಷಣ ತಾಯಿಯನ್ನು ನೋಡಿದ. ಆಮೇಲೆ ಬೂಟು ಕಳಚಿ, ಪ್ಯಾಂಟು ಮಡಚಿ, ಯಾರದೋ ಕೈಯಿಂದ ಹಾರೆ ಕಸಿದುಕೊಂಡು ನೀರಿಗೆ ಇಳಿದ. ಹಿಂದೆ ಹನುಮಂತಪ್ಪ, ಹಗ್ಗದಂಗಡಿಯವರು, ನಾವಿಬ್ಬರು, ಎಲ್ಲ. ಬಾವಿಯ ಎಡಕ್ಕೆ ಕೆಸರಿನಲ್ಲಿ ಹಾರೆ ಹಾಕಿ ಹಾಕಿ ಕೈಗೆ ಬೊಬ್ಬೆ ಬಂದವು. ಒಂದು ಹಾಸುಗಲ್ಲು ಸಿಕ್ಕಿತು. ಅದಕ್ಕೆ ಹಗ್ಗ ಬಿಗಿದು ಎಲ್ಲರೂ ಜಗ್ಗಿದೆವು. ಕಲ್ಲು ಮಿಸುಕಿತು, ಮತ್ತೆ ಕೂತಿತು. ಮತ್ತೊಮ್ಮೆ ಜಗ್ಗಿದಾಗ ಕಲ್ಲು ಎದ್ದು ಬಂತು, ನಾವೆಲ್ಲ ಹಿಂದಕ್ಕೆ ಒಬ್ಬರ ಮೇಲೊಬ್ಬರು ಬಿದ್ದೆವು. ಒಳಗಿದ್ದ ಕಸಕಡ್ಡಿಯನ್ನು ವೀರಣ್ಣ ತೋಳು ಹಾಕಿ ಎಳೆದ. ನೀರು ಒಮ್ಮೆ ಸುತ್ತು ತಿರುಗಿ, ಗುಳುಗುಳು ಎನ್ನುತ್ತಾ ಕೆಳಗೆ ಇಳಿಯತೊಡಗಿತು. ಕೆಸರಿನಲ್ಲಿ ಕೂತಿದ್ದವರೆಲ್ಲ ಸುಮ್ಮನೆ ಆ ಸದ್ದು ಕೇಳಿದೆವು. ಮಧ್ಯಾಹ್ನದ ಹೊತ್ತಿಗೆ ಮೆಟ್ಟಿಲು ಕಂಡವು. ವೀರಣ್ಣ ತಲೆಯಿಂದ ಕಾಲಿನವರೆಗೆ ಕೆಸರಾಗಿ ತಾಯಿಯ ಕಿಟಕಿಯ ಕೆಳಗೆ ನಿಂತು, ಆ ಕಾಂಪ್ಲೆಕ್ಸಿನವರಿಗೆ ತಾನೇ ಹೇಳಿ ಕಳಿಸುತ್ತೇನೆ ಎಂದ. ಮರುದಿನ ಅವನ ಮಿಲ್ಲಿನ ಟ್ರ್ಯಾಕ್ಟರುಗಳು ಅಗಸಿಯ ಮುಂದೆ ಬಂದು ನಿಂತು, ಉಳಿದ ಮಣ್ಣು, ಕಲ್ಲನ್ನೆಲ್ಲ ಸಾಗಿಸಿದವು.

ದೀಪಾವಳಿಗೆ ಮುಂಚೆ ಒಳಗೆಲ್ಲ ಸುಣ್ಣ ಬಳಿದೆವು. ಕೈ, ಕೂದಲು, ಬಟ್ಟೆ ಎಲ್ಲ ಸುಣ್ಣದ ವಾಸನೆ. ಕ್ಯಾಂಪುಗಳಲ್ಲಿ ಭತ್ತದ ಕೊಯ್ಲು ಆರಂಭವಾಗಿತ್ತು. ಹಬ್ಬದ ಹಿಂದಿನ ಸಂಜೆ ಅಗಸಿಯ ಎರಡೂ ಬದಿ ದೀಪ ಹಚ್ಚಿ, ಚಾಚಾ ಮತ್ತು ಹನುಮಂತಪ್ಪ ಸೇರಿ ಕಮಾನಿಗೆ ಚೆಂಡುಹೂವಿನ ಮಾಲೆ ಕಟ್ಟಿದರು. ಜನ ಬರುತ್ತಾರೋ ಇಲ್ಲವೋ ಎಂದು ನನಗೆ ಊಟ ಸೇರಿರಲಿಲ್ಲ. ಮೊದಲು ಒಂದು ಮನೆಯವರು ಕಮಾನಿನ ಕೆಳಗೆ ನಿಂತು ಇಣುಕಿದರು. ಅವರ ಹಿಂದೆ ಇನ್ನೊಬ್ಬರು. ಆಮೇಲೆ ಕಟ್ಟೆಯೊಡೆದಂತೆ ಬಂದರು. ತೆಲುಗು ಮಾತಾಡುತ್ತಾ ಕ್ಯಾಂಪಿನ ಹೆಂಗಸರು, ಮಕ್ಕಳನ್ನು ಎತ್ತಿಕೊಂಡವರು, ಕೋಲು ಹಿಡಿದ ಮುದುಕರು. ಮುದುಕರು ಕಂಬ ಮುಟ್ಟಿ ನೋಡಿ, ಇಲ್ಲಿ ನಮ್ಮಪ್ಪನ ಬಂಡಿ ನಿಲ್ಲುತ್ತಿತ್ತು ಎಂದು ಮೊಮ್ಮಕ್ಕಳಿಗೆ ತೋರಿಸುತ್ತಿದ್ದರು. ಗಾಡಿ ಬರುವ ಭಯವಿಲ್ಲದ್ದರಿಂದ ತಾಯಂದಿರು ಮಕ್ಕಳ ಕೈ ಬಿಟ್ಟು ನಿಶ್ಚಿಂತೆಯಿಂದ ಬಟ್ಟೆ ನೋಡಿದರು. ನಮ್ಮ ಮುಂದೆ ಬ್ಲೌಸ್ ಅಳತೆ ಕೊಡುವವರ ಸಾಲು ಬೇವಿನ ಮರ ಸುತ್ತಿಕೊಂಡು ನಿಂತಿತು. ನಾನು ಅಳತೆ ಹೇಳಿದರೆ ನಸೀಮಾ ಬರೆದುಕೊಳ್ಳುತ್ತಿದ್ದಳು. ಇಬ್ಬರೂ ನಗುತ್ತಿ‌ದ್ದೆವು, ಯಾಕೆಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ.

ಮರುವರ್ಷ ನನಗೆ ಮದುವೆಯಾಗಿ, ಗಂಡನ ನೀರಾವರಿ ಆಫೀಸಿನ ಕೆಲಸದಿಂದ ಮುನಿರಾಬಾದ್ ಸೇರಿದೆ. ಅದೇ ಮೂಲೆಯಲ್ಲಿ ನಸೀಮಾ ಈಗಲೂ ಇದ್ದಾಳೆ, ಅವಳ ಕೈ ಕೆಳಗೆ ಹತ್ತಾರು ಹುಡುಗಿಯರು ಹೊಲಿಗೆ ಕಲಿತರು. ಬೋರ್ಡಿನಲ್ಲಿ ನನ್ನ ಹೆಸರು ಹಾಗೇ ಇದೆ, ಅಳಿಸಲು ಅವಳು ಬಿಟ್ಟಿಲ್ಲ. ಆದರೆ ನಾದಿನಿಗೆ ಹೇಳುತ್ತಾ ಹೇಳುತ್ತಾ ನನ್ನ ಕಣ್ಣು ತುಂಬಿದ್ದು ಹಬ್ಬದ ಹಿಂದಿನ ಆ ಸಂಜೆ ಆಮೇಲೆ ನಡೆದ ಸಂಗತಿಗೆ.

ಜನಜಂಗುಳಿಯ ನಡುವೆ ಶಾಂತಮ್ಮ ಬಂದರು. ಅಡುಗೆಮನೆಯ ಹಿಂದಿನ ಬಾಗಿಲಿನಿಂದ ಬರಲಿಲ್ಲ. ಓಣಿ ಬಳಸಿ, ರಸ್ತೆಗೆ ಬಂದು, ಎಲ್ಲರ ಹಾಗೆ ಅಗಸಿಯೊಳಗಿಂದ ನಡೆದು ಬಂದರು. ಜನ ದಾರಿ ಬಿಟ್ಟರು. ಅವರು ನೇರವಾಗಿ ಇಮಾಮಸಾಬ ಚಾಚಾನ ಮುಂದೆ ಹೋಗಿ ಚಾಪೆಯ ಮೇಲೆ ಕೂತು, ನಮ್ಮಿಬ್ಬರನ್ನೂ ಕರೆದು ಎಡಬಲಕ್ಕೆ ಕೂಡಿಸಿಕೊಂಡರು. ಈ ಇಬ್ಬರಿಗೂ ಬಳೆ ಇಡು ಎಂದರು. ಬಣ್ಣ ತಾವೇ ಆರಿಸಿದರು, ನನಗೆ ಹಸಿರು, ನಸೀಮಾಗೆ ಕೆಂಪು. ಒಂದು ಡಜನ್ ತೆಗೆಸಿ, ಬೆಳಕಿಗೆ ಹಿಡಿದು, ಬೇಡವೆಂದು ಇನ್ನೊಂದು ತೆಗೆಸಿದರು. ಚಾಚಾ ನಮ್ಮ ಕೈಗೆ ಬಳೆ ಏರಿಸಿದ ಮೇಲೆ ಅವರು ರೇಟು ಕೇಳಿದರು. ಚಾಚಾ ಕೈ ಮುಗಿದು, ನಿಮ್ಮ ಹತ್ತಿರ ರೇಟು ಹೇಳುವುದುಂಟೇ, ಹಾಗೇ ಒಯ್ಯಿರಿ ಎಂದರು.

"ಪುಕ್ಕಟ ಬ್ಯಾಡ, ಇಮಾಮಸಾಬ," ಎಂದರು ಶಾಂತಮ್ಮ. "ಬಟ್ಟಿ ಬರಿ, ಬಳಿ, ಎಲ್ಲಾ ಮನಿಗೇ ತಂದ ಕೊಟ್ಟಾರ. ಒಂದೂ ನಾ ಆರಿಸಿದ್ದಲ್ಲ. ಈ ಬಜಾರಕ್ಕ ಸೊಸಿ ಆದೆ, ಮಾಲಕಿ ಆದೆ, ಒಂದ ದಿನಾ ಗಿರಾಕಿ ಆಗಲಿಲ್ಲ. ರೇಟ ಹೇಳು. ನಾ ಚೌಕಾಸಿ ಮಾಡಾಕ ಬಂದೇನಿ."

ಚಾಚಾ ಅವರ ಮುಖ ನೋಡಿದರು. ಆಮೇಲೆ ಗಂಟಲು ಸರಿಪಡಿಸಿಕೊಂಡು, ಬೇರೆ ಗಿರಾಕಿಗೆ ಹೇಳುವ ಹಾಗೆಯೇ, ಇರುವುದಕ್ಕಿಂತ ಹೆಚ್ಚಿಗೆ ಹೇಳಿದರು. ಶಾಂತಮ್ಮ ಅರ್ಧಕ್ಕೆ ಕೇಳಿದರು. ಚಾಚಾ ಹೌಹಾರಿದವರಂತೆ ಮಾಡಿ, ಫಿರೋಜಾಬಾದಿನ ಮಾಲು, ಗಾಜು ನೋಡಿರಿ, ಅಂಚು ನೋಡಿರಿ ಎಂದರು. ಈ ಅಂಚು ನೋಡಿಯೇ ಅರ್ಧ ಅಂದದ್ದು ಎಂದರು ಶಾಂತಮ್ಮ. ಸುತ್ತ ಜನ ಸೇರಿದರು. ಹೆಂಗಸರು ಶಾಂತಮ್ಮನ ಕಡೆ, ಗಂಡಸರು ಚಾಚಾನ ಕಡೆ ನಿಂತು ಒಗ್ಗರಣೆ ಹಾಕತೊಡಗಿದರು. ವೀರಣ್ಣ ಯಾರ ಕಡೆ ನಿಲ್ಲಬೇಕೆಂದು ತಿಳಿಯದೆ ನಗುತ್ತಾ ಕಂಬಕ್ಕೆ ಒರಗಿದ್ದ. ಶಾಂತಮ್ಮ ಎರಡು ಸಲ ಎದ್ದು ಹೊರಟರು, ಚಾಚಾ ಎರಡು ಸಲವೂ ಕರೆದು ಕೂಡಿಸಿದರು. ಕಡೆಗೆ ಚಾಚಾ ಸೋತು ಕೈಚೆಲ್ಲಿದಾಗ ಇಡೀ ಗಂಜ್ ಚಪ್ಪಾಳೆ ಹೊಡೆಯಿತು. ಶಾಂತಮ್ಮ ದುಡ್ಡು ಕೊಟ್ಟು ಎದ್ದು ನಿಂತರು. ಅವರ ಹಣೆಯ ಮೇಲೆ ಬೆವರು, ಕೆನ್ನೆ ಕೆಂಪಾಗಿತ್ತು.

ಮರುದಿನ ಬೆಳಿಗ್ಗೆ ನಾನೂ ನಸೀಮಾಳೂ ಎಲ್ಲರಿಗಿಂತ ಮೊದಲು ಬಂದು ಅಗಸಿಗೆ ಹೊಸದಾಗಿ ಕೂಡಿಸಿದ್ದ ಬಾಗಿಲು ತೆಗೆಯಲು ಹೋದೆವು. ಶಾಂತಮ್ಮ ಆಗಲೇ ಹೊರಗೆ ಕಟ್ಟೆಯ ಮೇಲೆ ಕೂತಿದ್ದರು, ಮಡಿಲಲ್ಲಿ ಒಂದು ಖಾಲಿ ಸಂತೆ ಚೀಲ ಇಟ್ಟುಕೊಂಡು.